ಕುಡಿಯುವ ಮೊದಲು ಚೆನ್ನಾಗಿ ಕುಲುಕಿರಿ

ನಾನು ಮೂವತ್ತಾರು ವರ್ಷ ಪುತ್ತೂರಿನ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ಆ ಅವಧಿಯಲ್ಲಿ ನಾನು ಬೆರೆಸಿ ಕೊಟ್ಟ ಔಷಧಗಳನ್ನೆಲ್ಲ ಒಟ್ಟಿಗೆ ಸುರಿದಿದ್ದರೆ ಉಪ್ಪಿನಂಗಡಿಯಲ್ಲಿ ಎರಡರ ಬದಲು ಮೂರು ಹೊಳೆಗಳು ಕೂಡುತ್ತಿದ್ದವು. ಅಂಥ ಮನುಷ್ಯ ಹಣ್ಣಿನ ರಸಕ್ಕೆ ಸ್ವಲ್ಪ ನೊರೆ ಬರಿಸಲಾರನೇ? ಬರಿಸಬಲ್ಲ. ಬೇಕಾದದ್ದಕ್ಕಿಂತ ಹೆಚ್ಚೇ ಬರಿಸಬಲ್ಲ.

ನನ್ನನ್ನು ಪಳಗಿಸಿದವರು ಹಳೆಯ ಕಾಲದ ಒಬ್ಬ ಡಾಕ್ಟರರು. ಔಷಧ ಅಳೆಯುವಾಗ ಮಾತಾಡಬಾರದು, ಶೀಸೆಗೆ ಚೀಟಿ ಅಂಟಿಸದೆ ಕೈ ತೊಳೆಯಬಾರದು, ತಾನು ಮಾಡಿದ ಔಷಧವನ್ನು ಕಂಪೌಂಡರ್ ಎಂದೂ ಬಾಯಿಗೆ ಹಾಕಬಾರದು ಎಂದು ಕಲಿಸಿದವರು. ಆ ಶಿಸ್ತನ್ನು ನಾನು ಮನೆಗೂ ತಂದೆ. ಐದಕ್ಕೆ ಏಳುವುದು, ಐದೂಕಾಲಿಗೆ ಹಲ್ಲುಜ್ಜುವುದು, ಐದೂವರೆಗೆ ಸ್ನಾನ. ಅಡುಗೆಮನೆಯ ಪ್ರತಿಯೊಂದು ಡಬ್ಬಿಗೂ ನನ್ನ ಕೈಬರಹದ ಚೀಟಿ ಇತ್ತು: ಉಪ್ಪು, ಸಾಸಿವೆ, ಮೆಂತೆ. ನನ್ನ ಹೆಂಡತಿ ಜಾನಕಿಗೆ ಓದು ಚೆನ್ನಾಗಿ ಬರುತ್ತಿತ್ತು. ಆದರೂ ಅವಳು ಮುಚ್ಚಳ ತೆಗೆದು ಮೂಸಿ ನೋಡಿಯೇ ಸಾಮಾನು ತೆಗೆಯುತ್ತಿದ್ದಳು. ಇದನ್ನು ನಾನು ಅಶಿಸ್ತು ಎಂದು ಭಾವಿಸಿದ್ದೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು. ಅಪ್ಪ ಅಮ್ಮ ತೀರಿಹೋಗಿದ್ದರಿಂದ ತಂಗಿ ಸರೋಜಳ ಮದುವೆಯ ಜವಾಬ್ದಾರಿ ನನ್ನ ಮೇಲಿತ್ತು. ಎರಡು ಸಂಬಂಧಗಳು ಮನೆಯ ಜಗಲಿಯವರೆಗೆ ಬಂದು ಹಿಂದೆ ಹೋಗಿದ್ದವು. ಒಂದು ಜಾತಕ ಕೂಡದೆ, ಇನ್ನೊಂದು ಕಾರಣವನ್ನೇ ಹೇಳದೆ. ಮೂರನೆಯದು ಅಜ್ಜಾವರದ ಗೋವಿಂದನದು. ಸುಳ್ಯದಲ್ಲಿ ಮಾಸ್ತರನಾಗಿದ್ದ ಹುಡುಗ. ಯಾವುದೋ ಮದುವೆಯ ಮನೆಯಲ್ಲಿ ಸರೋಜ ಅವನನ್ನು ನೋಡಿದ್ದಳು.

"ಇದೊಂದು ಆದ್ರೆ ಆಗ್ಲಿ ಅತ್ತಿಗೆ," ಎಂದು ಅವಳು ಜಾನಕಿಯ ಹತ್ತಿರ ಹೇಳಿದಳಂತೆ. ಸರೋಜ ಮಾತು ಕಡಿಮೆಯವಳು. ಅವಳ ಲೆಕ್ಕದಲ್ಲಿ ಇದು ಒಂದು ಗಂಟೆಯ ಭಾಷಣ.

ಈ ಸಂಬಂಧ ತಪ್ಪಬಾರದು ಎಂದು ನಾನು ನಿರ್ಧರಿಸಿದೆ. ನಾನು ನಿರ್ಧರಿಸಿದ ಮೇಲೆಯೇ ಕೆಲಸಗಳು ಕೆಡಲು ತೊಡಗುತ್ತವೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಮಾತುಕತೆ ನಿಶ್ಚಯಿಸಲು ಹುಡುಗನ ಕಡೆಯವರು ಮೂರು ವಾರ ಬಿಟ್ಟು ಒಂದು ಆದಿತ್ಯವಾರ ಬರುವುದೆಂದಾಯಿತು. ಹುಡುಗನಿಗೆ ತಂದೆ ಇಲ್ಲ. ಸಾಕಿದ್ದು ಸೋದರಮಾವ ವೆಂಕಪ್ಪಯ್ಯ. ಅವರು ಆಗಲಿ ಎಂದರೆ ಆಯಿತು, ಬೇಡ ಎಂದರೆ ಹೋಯಿತು. ಆಗ ನಮ್ಮ ಜಿಲ್ಲೆಯಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ವೆಂಕಪ್ಪಯ್ಯ ಅದರ ಪ್ರಚಾರಕರು. ಬಿಳಿ ಖಾದಿ ತೊಟ್ಟು, ಕುಡುಕನ ಲಿವರಿನ ಬಣ್ಣದ ಚಿತ್ರಪಟವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಕಡಬದಿಂದ ಸುಳ್ಯದವರೆಗೆ ಊರೂರು ತಿರುಗಿ ಭಾಷಣ ಮಾಡುತ್ತಿದ್ದರು. ಪೊಲೀಸರ ಜೊತೆ ಕಾಡಿಗೆ ಹೋಗಿ ಕಳ್ಳಭಟ್ಟಿಯ ಮಡಕೆಗಳನ್ನು ಒಡೆಸಿದವರು. ಅಂಥವರ ಮನಸ್ಸನ್ನು ಗೆಲ್ಲುವುದು ಹೇಗೆ?

ಉತ್ತರ ನನಗೆ ಮಂಗಳೂರಿನಲ್ಲಿ ಸಿಕ್ಕಿತು. ಆ ವಾರವೇ ನಮ್ಮ ಡಾಕ್ಟರರ ಜೊತೆ ಅಲ್ಲಿನ ಒಬ್ಬ ಸಾಹೇಬರ ಮಗಳ ಮದುವೆಯ ಪಾರ್ಟಿಗೆ ಹೋಗಿದ್ದೆ. ಸಾಹೇಬರಿಗೆ ಮದ್ಯಕ್ಕೆ ಸರಕಾರದ ಪರ್ಮಿಟ್ ಇತ್ತು. ಬಟ್ಲರನೊಬ್ಬ ಉದ್ದ ಕಾಲಿನ ಗಾಜಿನ ಲೋಟಗಳಲ್ಲಿ ಏನನ್ನೋ ಹಂಚುತ್ತಿದ್ದ. ನಸುಗೆಂಪು ಬಣ್ಣ. ಒಳಗೆ ಹಣ್ಣಿನ ಚೂರು, ಮೇಲೆ ಹೂವಿನ ಎಸಳು, ಕೆಳಗಿನಿಂದ ಮುತ್ತು ಪೋಣಿಸಿದ ಹಾಗೆ ಮೇಲೇಳುವ ಗುಳ್ಳೆಗಳು.

"ಅದು ಶಾಂಪೇನಿಗೆ ಹಣ್ಣು ಹೂ ಸೇರಿಸಿದ್ದು ಮಾರಾಯ. ಸಂಭ್ರಮಕ್ಕೆ ಕುಡಿಯುದು," ಎಂದರು ಡಾಕ್ಟರರು.

ನಾನು ಮುಟ್ಟಲಿಲ್ಲ. ಹುಟ್ಟಿದ ಲಾಗಾಯ್ತು ಮುಟ್ಟಿದವನಲ್ಲ. ಆದರೆ ಬರುವಾಗ ಬಸ್ಸಿನಲ್ಲಿ ನನ್ನ ತಲೆಯೊಳಗೆ ಗುಳ್ಳೆಗಳು ಏಳತೊಡಗಿದವು. ಅದೇ ಬಣ್ಣ, ಅದೇ ಹೂ, ಅದೇ ನೊರೆ. ಅಮಲು ಮಾತ್ರ ಇಲ್ಲ. ಅದನ್ನು ವೆಂಕಪ್ಪಯ್ಯನವರ ಕೈಯಲ್ಲಿಟ್ಟು, 'ನೋಡಿ, ಮದ್ಯವಿಲ್ಲದೆಯೂ ಸಂಭ್ರಮಿಸಬಹುದು' ಎಂದರೆ? ತಂಗಿಯ ಮದುವೆಯೂ ಆಯಿತು, ದೇಶಸೇವೆಯೂ ಆಯಿತು.

ಮನೆಗೆ ಬಂದು ಜಾನಕಿಗೆ ತಿಳಿಸಿದೆ.

"ಬಂದವರಿಗೆ ಬೆಲ್ಲ ನೀರು ಕೊಡುದು ನಮ್ಮ ಕ್ರಮ," ಎಂದಳು ಅವಳು. "ಮತ್ತೆ ಕಾಫಿ, ತಿಂಡಿ. ಅದರ ಮಧ್ಯೆ ಇದು ಎಂತದು?"

"ಬೆಲ್ಲ ನೀರು ಎಲ್ಲರೂ ಕೊಡ್ತಾರೆ. ಅದರಲ್ಲಿ ವಿಶೇಷ ಎಂತ ಉಂಟು?"

"ವಿಶೇಷ ಇಲ್ಲ. ಹಾಗಾಗಿಯೇ ಅದರಿಂದ ಯಾರಿಗೂ ಎಂತ ಆದದ್ದಿಲ್ಲ."

ನಾನು ಕಿವಿಗೊಡಲಿಲ್ಲ. ಒಂದು ಕಾಗದದ ಮೇಲೆ 'ಸಂಭ್ರಮ ಪಾನೀಯ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಬಣ್ಣಕ್ಕೆ ಪುನರ್ಪುಳಿಯ ಕೆಂಪು ಹಣ್ಣು, ರುಚಿಗೆ ಅನಾನಸು, ಪರಿಮಳಕ್ಕೆ ಪನ್ನೀರು ಗುಲಾಬಿ. ಮೇ ತಿಂಗಳಾದ್ದರಿಂದ ಮೂರಕ್ಕೂ ಕೊರತೆ ಇರಲಿಲ್ಲ. ಎಲ್ಲವನ್ನೂ ಔನ್ಸ್ ಗ್ಲಾಸಿನಲ್ಲಿ ಅಳೆದೆ. ಗುಲಾಬಿ ಎಸಳುಗಳನ್ನು ಎಣಿಸಿದೆ. ರಸವೇನೋ ಸಾಹೇಬರ ಬಂಗಲೆಯನ್ನು ನಾಚಿಸುವ ಹಾಗೆ ಬಂತು. ಉಳಿದದ್ದು ನೊರೆ ಒಂದೇ.

ನೊರೆಗೆ ದವಾಖಾನೆಯ ವಿದ್ಯೆ ಸಾಕೆನಿಸಿತು. ಹೊಟ್ಟೆಯುಬ್ಬರಕ್ಕೆ ನಾವು ಕೊಡುವ ಸೋಡಾಪುಡಿಗೆ ಹುಳಿ ತಗಲಿದರೆ ಬುಸ್ಸೆಂದು ನೊರೆ ಉಕ್ಕುತ್ತದೆ. ಉಕ್ಕಿತು. ಲೋಟ ತುಂಬಿ, ಮಣೆಯ ಮೇಲೆ ಹರಿದು, ನೆಲಕ್ಕಿಳಿದು, ಅಲ್ಲಿಯೇ ಸತ್ತುಹೋಯಿತು. ಅಡುಗೆಮನೆಯಿಂದ ಜಗಲಿಗೆ ಹನ್ನೊಂದು ಹೆಜ್ಜೆ. ನೊರೆಯ ಆಯುಷ್ಯ ಏಳು ಹೆಜ್ಜೆ. ನಾಲ್ಕು ಬಾರಿ ಲೋಟ ಹಿಡಿದು ಓಡಿ ನೋಡಿದೆ. ಓಟದಲ್ಲಿ ಎಂಟನೆಯ ಹೆಜ್ಜೆಯವರೆಗೆ ಬಂತು.

"ಅವರನ್ನು ಅಡುಗೆಮನೆಯಲ್ಲೇ ಕೂರಿಸಿದ್ರೆ ಹೇಗೆ?" ಎಂದು ಕೇಳಿದೆ.

"ಕೂರಿಸಿ. ಬಾಯಿ ತೆರೆದು ತಯಾರಾಗಿ ಇರ್ಲಿಕ್ಕೂ ಹೇಳಿ," ಎಂದಳು ಜಾನಕಿ. ಆಮೇಲೆ ಲೋಟದಲ್ಲಿ ಉಳಿದದ್ದನ್ನು ಒಂದು ಗುಟುಕು ಕುಡಿದು, ಗೋಡೆ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ದೊಡ್ಡ ತೇಗು ಬಂತು. "ಒಳ್ಳೇ ಮದ್ದು. ಆದ್ರೆ ಸಂಬಂಧಕ್ಕೆ ಬಂದವರಿಗೆ ಮದ್ದು ಯಾಕೆ ಮಾರಾಯ್ರೆ?"

ಮಾರನೆಯ ದಿನ ಪೇಟೆಯಲ್ಲಿ ಗೋಲಿಸೋಡಾ ಮಾಡುವ ಮೊಯ್ದು ಬ್ಯಾರಿಯ ಅಂಗಡಿಗೆ ಹೋದೆ. ಅವನ ಸೋಡಾ ತಂದು ರಸಕ್ಕೆ ಬೆರೆಸಿ ನೋಡಿದರೆ ಬಣ್ಣ ತೆಳ್ಳಗಾಯಿತು, ರುಚಿ ನೀರಾಯಿತು. ಮತ್ತೆ ಹೋಗಿ ಸೋಡಾದ ಗುಟ್ಟೇನೆಂದು ನೇರವಾಗಿ ಕೇಳಿದೆ.

"ಗುಟ್ಟು ಎಂತ ಇಲ್ಲ ಕಂಪೌಂಡರೇ," ಎಂದ ಮೊಯ್ದು. "ಗಾಳಿಯನ್ನು ಒಳಗೆ ಕೂರಿಸಿ ಬಾಗಿಲು ಹಾಕುದು. ಬಾಗಿಲು ಗಟ್ಟಿ ಇರ್ಬೇಕು. ಅಷ್ಟೇ ವಿದ್ಯೆ."

"ಗಾಳಿ ಎಲ್ಲಿಂದ ತರುದು?"

"ನನಗೆ ಮಿಶನ್ ಉಂಟು. ನಿಮಗೆ ಎಂತ ಉಂಟು?"

ನನಗೆ ಏನಿತ್ತೆಂಬುದು ನಾಲ್ಕು ದಿನ ಬಿಟ್ಟು ಗೊತ್ತಾಯಿತು. ಮೊದಲ ಸಲ ಮಾಡಿ ಉಳಿದಿದ್ದ ರಸವನ್ನು ಒಂದು ಶೀಸೆಗೆ ಹಾಕಿ, ಬಿರಡೆ ಹೊಡೆದು, ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದೆ. ನಮ್ಮ ಕಡೆ ಕೆಡಬಾರದ ಪದಾರ್ಥವನ್ನೆಲ್ಲ ಹೊಗೆ ಮತ್ತು ಕಾವು ತಾಗುವ ಅಟ್ಟದಲ್ಲಿ ಇಡುವುದು ವಾಡಿಕೆ. ಬೀಜದ ಬತ್ತಕ್ಕೂ ಹಪ್ಪಳಕ್ಕೂ ಹಿಡಿಸುವ ಜಾಗ ಹಣ್ಣಿನ ರಸಕ್ಕೆ ಹಿಡಿಸದೇ? ಆ ಶೀಸೆಯನ್ನು ಇಳಿಸಿ ಬಿರಡೆ ಎಳೆದೆ. ಟುಪ್ ಎಂದಿತು. ಒಳಗಿನಿಂದ ಗುಳ್ಳೆಗಳು ಒಂದರ ಹಿಂದೆ ಒಂದು, ಶಾಲೆಯ ಮಕ್ಕಳು ಪ್ರಾರ್ಥನೆಗೆ ಬರುವ ಹಾಗೆ ಸಾಲಾಗಿ ಮೇಲೆದ್ದವು. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ಶಿಸ್ತು ಕಂಡರೆ ನನ್ನ ಮನಸ್ಸು ಕರಗುತ್ತದೆ.

"ಜಾನಕೀ, ಹಣ್ಣು ತಾನೇ ಸೋಡಾ ಮಾಡಿಕೊಂಡಿದೆ," ಎಂದೆ.

ಅವಳು ಬಂದು ಮೂಸಿ ನೋಡಿ ಮುಖ ಹಿಂದೆ ಎಳೆದುಕೊಂಡಳು. "ಇದು ಹುಳಿ ಬಂದದ್ದು. ಚೆಲ್ಲಿ."

"ದೋಸೆ ಹಿಟ್ಟೂ ಹುಳಿ ಬರ್ತದೆ. ಅದನ್ನು ಚೆಲ್ಲುತ್ತೀಯಾ?"

"ದೋಸೆ ಹಿಟ್ಟಿಗೆ ಈ ಪರಿಮಳ ಇಲ್ಲ."

"ದೋಸೆ ಹಿಟ್ಟಿಗೆ ಯಾರು ಗುಲಾಬಿ ಹಾಕ್ತಾರೆ?"

ವಾದದಲ್ಲಿ ನಾನು ಗೆದ್ದೆ. ಈಗ ಯೋಚಿಸಿದರೆ, ಜೀವಮಾನದಲ್ಲಿ ಅವಳೊಡನೆ ನಾನು ಗೆದ್ದ ವಾದ ಅದೊಂದೇ. ದಿನಕ್ಕೆ ಹತ್ತು ಬಾರಿ ಸ್ಪಿರಿಟ್ ಅಳೆಯುತ್ತಿದ್ದ ನನಗೆ, ಅದು ಎಲ್ಲಿಂದ ಹುಟ್ಟುತ್ತದೆಂಬ ಪ್ರಶ್ನೆ ಅದುವರೆಗಿನ ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ಹುಟ್ಟಿರಲಿಲ್ಲ. ರುಚಿ ನೋಡಿದ್ದರೆ ತಿಳಿಯುತ್ತಿತ್ತೋ ಏನೋ. ಆದರೆ ಕಂಪೌಂಡರ್ ರುಚಿ ನೋಡಬಾರದು. ಜಾನಕಿ ನೋಡಲು ಒಪ್ಪಲಿಲ್ಲ.

ಹದಿನೆಂಟು ಶೀಸೆ ತುಂಬಿಸಿದೆ. ಮೊಯ್ದುವಿನ ಮಾತು ನೆನಪಿತ್ತು: ಬಾಗಿಲು ಗಟ್ಟಿ ಇರಬೇಕು. ಬಿರಡೆ ಹೊಡೆದು, ಮೇಣ ಸುರಿದು, ದಾರದಿಂದ ಗಂಟು ಹಾಕಿ ಬಿಗಿದೆ. ಎಲ್ಲವನ್ನೂ ಅಟ್ಟಕ್ಕೇರಿಸಿದೆ. ಆಮೇಲೆ ಕೂತು ಹದಿನೆಂಟು ಚೀಟಿ ಬರೆದು ಅಂಟಿಸಿದೆ. ಮೇಲೆ 'ಸಂಭ್ರಮ ಪಾನೀಯ', ನಡುವೆ ನಂಬರು, ಕೆಳಗೆ ಒಂದು ಸಾಲು. ಆ ಸಾಲನ್ನು ನಾನು ಯೋಚಿಸಿ ಬರೆದದ್ದಲ್ಲ. ಕೈ ತಾನಾಗಿ ಬರೆಯಿತು. ಶೀಸೆ ಎಂದರೆ ಆ ಸಾಲು, ಆ ಸಾಲು ಎಂದರೆ ಶೀಸೆ. ಪ್ರತಿದಿನ ಐವತ್ತು ಸಲ ಬರೆಯುತ್ತಿದ್ದ ಸಾಲು ಅದು.

ಅವರು ಬರಲು ಇನ್ನು ಮೂರು ದಿನ ಇರುವಾಗ, ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದೆವು. ತಲೆಯ ಮೇಲೆ ಢಂ ಎಂದಿತು. ಅದಕ್ಕೆ ಉತ್ತರವೆಂಬಂತೆ ಇನ್ನೊಂದು ಢಂ. ಅಟ್ಟದ ಹಲಗೆಯ ಸಂದಿನಿಂದ ಕೆಂಪು ರಸ ಸಾಂಬಾರಿನ ಪಾತ್ರೆಗೆ ತೊಟ್ಟಿಕ್ಕತೊಡಗಿತು. ಸರೋಜ ಎಲೆ ಎತ್ತಿಕೊಂಡು ಗೋಡೆಗೆ ಆತು ನಿಂತಳು. ಪಕ್ಕದ ಮನೆಯ ಲಕ್ಷ್ಮಿಯಮ್ಮ ಬೇಲಿಯ ಆಚೆಯಿಂದ ಕೂಗಿ ಕೇಳಿದರು: "ಗರ್ನಾಲು ಸಿಡಿಸಿದ್ದು ಎಲ್ಲಿ ಜಾನಕಿ? ಇವತ್ತು ಎಂತ ವಿಶೇಷ?"

"ವಿಶೇಷ ಆದಿತ್ಯವಾರ ಉಂಟು," ಎಂದಳು ಜಾನಕಿ. "ಇವತ್ತು ಅಭ್ಯಾಸ."

ಬುದ್ಧಿ ಇರುವವನು ಆಗಲೇ ನಿಲ್ಲಿಸುತ್ತಿದ್ದ. ನಾನು ಅಟ್ಟ ಹತ್ತಿ ಪರೀಕ್ಷಿಸಿ, ದಾರ ಸಾಲಲಿಲ್ಲವೆಂಬ ತೀರ್ಮಾನಕ್ಕೆ ಬಂದೆ. ಉಳಿದ ಹದಿನಾರು ಶೀಸೆಗಳಿಗೂ ಎರಡೆರಡು ಸುತ್ತು ಹೆಚ್ಚು ಬಿಗಿದೆ.

ಆದಿತ್ಯವಾರ ಹತ್ತು ಗಂಟೆಗೆ ಸರಿಯಾಗಿ ಅವರು ಬಂದರು. ವೆಂಕಪ್ಪಯ್ಯ, ಗೋವಿಂದ, ಗೋವಿಂದನ ತಾಯಿ. ಹೇಳಿದ ಹೊತ್ತಿಗೆ ಬರುವ ಜನರನ್ನು ನಾನು ಅಂದೇ ಮೊದಲು ಕಂಡದ್ದು. ನನಗೆ ಬಹಳ ಗೌರವ ಬಂತು. ವೆಂಕಪ್ಪಯ್ಯ ಕೊಡೆಯನ್ನು ಗೋಡೆಗೆ ನೆಟ್ಟಗೆ ಒರಗಿಸಿ, ಚಪ್ಪಲಿಯನ್ನು ಜೋಡಿಸಿಟ್ಟು, ಬೆಂಚಿನ ಸರಿಯಾಗಿ ನಡುವೆ ಕೂತರು. ಬಾಗಿಲ ಹತ್ತಿರ ಜಾನಕಿ ಬೆಲ್ಲದ ತಟ್ಟೆ ಮತ್ತು ನೀರಿನ ಚೊಂಬು ಹಿಡಿದು ನಿಂತಿದ್ದಳು. ನಾನು ಕೈಸನ್ನೆ ಮಾಡಿ ಅವಳನ್ನು ಒಳಗೆ ಕಳಿಸಿದೆ. ಮೂವರ ಎದುರೂ ಒಂದೊಂದು ಶೀಸೆ, ಒಂದೊಂದು ಗಾಜಿನ ಲೋಟ ಇಟ್ಟೆ.

"ಇದು ಎಂತ?" ಎಂದರು ವೆಂಕಪ್ಪಯ್ಯ.

ನಾನು ಎದ್ದು ನಿಂತು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. "ಸಿರಿವಂತರು ಸಂಭ್ರಮದ ನೆಪದಲ್ಲಿ ಮದ್ಯ ಕುಡಿಯುವ ಈ ಕಾಲದಲ್ಲಿ, ಕೇವಲ ಹಣ್ಣು ಹೂಗಳಿಂದ ತಯಾರಿಸಿದ, ಅಮಲಿನ ಲವಲೇಶವೂ ಇಲ್ಲದ ಶುದ್ಧ ಪಾನೀಯ ಇದು. ತಮ್ಮಂಥವರ ಸೇವೆಗೆ ನನ್ನ ಅಳಿಲು ಸೇವೆ."

ಅವರ ಮುಖ ಅರಳಿತು. ಕನ್ನಡಕ ಸರಿಮಾಡಿಕೊಂಡು ಶೀಸೆ ಕೈಗೆತ್ತಿ ಚೀಟಿಯನ್ನು ಗಟ್ಟಿಯಾಗಿ ಓದಿದರು. "ಸಂಭ್ರಮ ಪಾನೀಯ. ನಂಬರು ಏಳು. ಕುಡಿಯುವ ಮೊದಲು ಚೆನ್ನಾಗಿ ಕುಲುಕಿರಿ. ನೋಡಿದೆಯಾ ಗೋವಿಂದ? ಇದು ವ್ಯವಸ್ಥೆ. ಎಲ್ಲದಕ್ಕೂ ಒಂದು ಸೂಚನೆ ಉಂಟು."

ಸೂಚನೆಯನ್ನು ಅವರು ಪಾಲಿಸಿದರು. ಅಂಥ ಪಾಲನೆಯನ್ನು ನಾನು ಯಾವ ರೋಗಿಯಲ್ಲೂ ಕಂಡಿಲ್ಲ. ಶೀಸೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಮಜ್ಜಿಗೆ ಕಡೆದ ಹಾಗೆ ಕುಲುಕಿದರು.

"ಸಾಕೋ?" ಎಂದು ಕೇಳಿದರು.

"ಇನ್ನು ಸ್ವಲ್ಪ," ಎಂದೆ. ಹೌದು, ನಾನೇ ಹೇಳಿದೆ.

ದಾರ ಕತ್ತರಿಸಲು ಬಾಗಿ ಕತ್ತರಿ ಇಟ್ಟೆ. ಆಮೇಲೆ ಆದದ್ದು ನನಗೆ ಕ್ರಮವಾಗಿ ನೆನಪಿಲ್ಲ. ಸದ್ದು ಕೇಳಿತು. ಬಿರಡೆ ಹೋಗಿ ಮಾಡಿನ ಹಂಚಿಗೆ ಬಡಿಯಿತು, ಹಂಚು ಒಡೆಯಿತು, ಒಂದು ಕೋಲು ಬಿಸಿಲು ಒಳಗೆ ಬಂತು. ಆ ಬಿಸಿಲಿನಲ್ಲಿ ವೆಂಕಪ್ಪಯ್ಯ ಕೂತಿದ್ದರು. ಬಿಳಿ ಖಾದಿ ಪುನರ್ಪುಳಿಯ ಕೆಂಪಾಗಿತ್ತು. ಮೀಸೆಯಿಂದ ನೊರೆ ಇಳಿಯುತ್ತಿತ್ತು. ಹಣೆಯ ನಡುವೆ ಒಂದು ಪನ್ನೀರು ಗುಲಾಬಿಯ ಎಸಳು ಚೊಕ್ಕವಾಗಿ ಅಂಟಿಕೊಂಡಿತ್ತು. ಶೀಸೆ ಮಾತ್ರ ಇನ್ನೂ ಅವರ ಕೈಯಲ್ಲೇ ಇತ್ತು, ಪೂರ್ತಿ ಖಾಲಿ.

ಜಗಲಿಯಲ್ಲಿ ಪರಿಮಳ ಹರಡಿತು. ಅನಾನಸು, ಗುಲಾಬಿ, ಮತ್ತು ಇನ್ನೊಂದು. ಆ ಇನ್ನೊಂದನ್ನು ಅಲ್ಲಿದ್ದವರಲ್ಲಿ ಸರಿಯಾಗಿ ಬಲ್ಲವರು ಒಬ್ಬರೇ. ಅವರು ನಾಲಗೆ ಹೊರಹಾಕಿ ಮೀಸೆಯ ತುದಿ ನೆಕ್ಕಿದರು. ಕಣ್ಣು ಮುಚ್ಚಿದರು. ಮತ್ತೊಮ್ಮೆ ನೆಕ್ಕಿದರು. ಪರೀಕ್ಷೆಗೆ ಇರಬೇಕು.

"ಕಂಪೌಂಡರೇ," ಎಂದರು ಮೆಲ್ಲಗೆ. "ಇದು ಎಷ್ಟು ವರ್ಷದ ಅಭ್ಯಾಸ?"

"ವರ್ಷ ಅಲ್ಲ, ಮೂರು ವಾರ. ನಾನು ಜನ್ಮದಲ್ಲಿ ಕುಡಿದವನಲ್ಲ."

"ಕಾಡಿನಲ್ಲಿ ನೂರು ಮಡಕೆ ಒಡೆಸಿದ್ದೇನೆ. ಇಷ್ಟು ಹದವಾಗಿ ಮಾಡಿದವನನ್ನು ಕಂಡದ್ದಿಲ್ಲ. ಕುಡಿಯದವನಿಗೆ ಇಷ್ಟು ಚಂದ ಮಾಡ್ಲಿಕ್ಕೆ ಬರುದುಂಟೋ?"

ನನ್ನ ಜೀವಮಾನದ ಕೆಲಸಕ್ಕೆ ಸಿಕ್ಕಿದ ಅತಿ ದೊಡ್ಡ ಹೊಗಳಿಕೆ ಅದು. ಅದಕ್ಕೆ ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವರು ಎದ್ದು ಕೊಡೆ ತೆಗೆದುಕೊಂಡರು. ಗೋವಿಂದನ ತಾಯಿಯೂ ಎದ್ದರು. ಮೂರನೆಯ ಸಂಬಂಧವೂ ಮೆಟ್ಟಿಲಿಳಿಯುತ್ತಿತ್ತು.

ಆಗ ಸರೋಜ ಹೊರಗೆ ಬಂದಳು. ಕೈಯಲ್ಲಿ ಬೆಲ್ಲದ ತಟ್ಟೆ, ನೀರಿನ ಚೊಂಬು. ಕರೆಯುವ ಮೊದಲು ಬರಬಾರದು ಎಂಬ ಕ್ರಮ ಅವಳಿಗೆ ಗೊತ್ತಿತ್ತು. ಆದರೂ ಬಂದಳು.

"ಮಾವ, ನೀರು ಕುಡಿದು ಹೋಗಿ," ಎಂದಳು. "ನನ್ನ ಅಣ್ಣನಿಗೆ ಕುಡಿಯಲಿಕ್ಕೂ ಗೊತ್ತಿಲ್ಲ, ಕುಡಿಸಲಿಕ್ಕೂ ಗೊತ್ತಿಲ್ಲ. ಚೀಟಿ ಅಂಟಿಸಲಿಕ್ಕೆ ಒಂದು ಗೊತ್ತುಂಟು. ನೀವು ಓದಿದ್ರಿ, ಅದೇ ತಪ್ಪಾದದ್ದು."

ಗೋವಿಂದನಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದ ಹಾಗೆ ಮಾಡಿ ಕಂಬದ ಕಡೆ ತಿರುಗಿದ. ಅವನ ತಾಯಿ ಅವನನ್ನು ನೋಡಿದರು, ಸರೋಜಳನ್ನು ನೋಡಿದರು, ಮತ್ತೆ ಬೆಂಚಿನಲ್ಲಿ ಕೂತು ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡರು.

"ಹುಡುಗಿಗೆ ಬಾಯಿ ಉಂಟು ಅಣ್ಣಾ. ನಮ್ಮ ಗೋವಿಂದನಿಗೆ ಇಲ್ಲ. ಸರಿಯಾದೀತು," ಎಂದರು.

ವೆಂಕಪ್ಪಯ್ಯ ಕೊಡೆಯನ್ನು ಮತ್ತೆ ಗೋಡೆಗೆ ನೆಟ್ಟಗೆ ಒರಗಿಸಿದರು. "ಹುಡುಗಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದ್ರೆ ನಾನು ನಾಳೆ ಸಭೆಯಲ್ಲಿ ನಿಂತರೆ, ಕುಡುಕನ ಮನೆಯಿಂದ ಹೆಣ್ಣು ತಂದವ ಅಂತ ಜನ ಹೇಳುದಿಲ್ಲವೋ? ಒಂದು ದಾರಿ ಉಂಟು. ಕಂಪೌಂಡರು ನನ್ನ ಮೂರು ಸಭೆಗೆ ಬರ್ಬೇಕು. ಕುಡಿತ ಬಿಟ್ಟವ ಅಂತ ವೇದಿಕೆಯಲ್ಲಿ ನಿಂತು ಅನುಭವ ಹೇಳ್ಬೇಕು."

"ನನಗೆ ಅನುಭವವೇ ಇಲ್ಲವಲ್ಲ," ಎಂದೆ.

ಸರೋಜ ನನ್ನನ್ನು ನೋಡಿದಳು. ಅವಳ ದಿನದ ಮಾತು ಮುಗಿದಿತ್ತು.

"ಬರ್ತೇನೆ," ಎಂದೆ.

ಹೋಗುವ ಮೊದಲು ವೆಂಕಪ್ಪಯ್ಯ ಉಳಿದ ಹದಿನೈದು ಶೀಸೆಗಳನ್ನೂ ಹಿತ್ತಲಿನಲ್ಲಿ ತಾವೇ ನಿಂತು ಸುರಿಸಿದರು. ಪ್ರತಿಯೊಂದನ್ನೂ ಮೂಸಿ ನೋಡಿಯೇ ಸುರಿಸಿದರು. ಅರ್ಧ ಗಂಟೆ ಹಿಡಿಯಿತು.

ಮೊದಲ ಸಭೆ ಕಡಬದಲ್ಲಿ, ಸಂಜೆ ನಾಲ್ಕು ಗಂಟೆಗೆ. ನಾನು ನಿಜವನ್ನೇ ಹೇಳಿದೆ. ಎಷ್ಟು ಔನ್ಸ್ ಅನಾನಸು, ಎಷ್ಟು ಗುಲಾಬಿ ಎಸಳು, ಎಷ್ಟು ಸುತ್ತು ದಾರ. ಹತ್ತು ನಿಮಿಷದಲ್ಲಿ ಅರ್ಧ ಜನ ಎದ್ದು ಹೋದರು. ಉಳಿದ ಅರ್ಧ ನಿದ್ದೆ ಬಂದವರು.

"ಹೀಗಾದ್ರೆ ಆಗುದಿಲ್ಲ," ಎಂದರು ವೆಂಕಪ್ಪಯ್ಯ, ಬಸ್ಸಿಗೆ ಕಾಯುವಾಗ. "ನಿಮ್ಮ ಕುಡಿತದಲ್ಲಿ ದುಃಖ ಸಾಲದು. ಇಚಿಲಂಪಾಡಿಯ ಎರಡನೆಯ ಸಭೆಯೂ ಹೀಗೇ ಆದ್ರೆ ನಾನು ಯೋಚನೆ ಮಾಡ್ಬೇಕಾದೀತು."

ಮನೆಯಲ್ಲಿ ಜಾನಕಿ ತೆಂಗಿನಕಾಯಿ ತುರಿಯುತ್ತ ಎಲ್ಲವನ್ನೂ ಕೇಳಿದಳು.

"ಬಚ್ಚಲಿನ ತಾಮ್ರದ ಹಂಡೆ ಮಾರಿ ಕುಡಿದೆ ಅಂತ ಹೇಳಿ," ಎಂದಳು.

"ಹಂಡೆ ಬಚ್ಚಲಿನಲ್ಲೇ ಉಂಟಲ್ಲ?"

"ಇಚಿಲಂಪಾಡಿಯವರು ನಮ್ಮ ಬಚ್ಚಲಿಗೆ ಬರ್ತಾರೋ? ಹೆಂಡತಿ ಮಣ್ಣಿನ ಮಡಕೆಯಲ್ಲಿ ನೀರು ಕಾಯಿಸಿದಳು, ಮಡಕೆ ಒಡೆಯಿತು, ಕಾಲು ಸುಟ್ಟಿತು ಅಂತ ಹೇಳಿ. ಹೇಳುವಾಗ ನೆಲ ನೋಡಿ. ಎಲ್ಲಿ, ಒಮ್ಮೆ ಹೇಳಿ ನೋಡುವ."

ಮೂರು ದಿನ ಅವಳು ನನಗೆ ತರಬೇತಿ ಕೊಟ್ಟಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಗಂಟಲು ಕಟ್ಟಬೇಕು, ಎಲ್ಲಿ ಶಾಲಿನ ತುದಿ ಕಣ್ಣಿಗೆ ಹೋಗಬೇಕು ಎಂದು. ನನಗಿಂತ ಶಿಸ್ತಿನ ಮನುಷ್ಯರು ನನ್ನ ಮನೆಯಲ್ಲೇ ಇದ್ದಾರೆಂದು ಆಗ ತಿಳಿಯಿತು. ಔಷಧದಲ್ಲಿ ಒಂದು ಗ್ರೇನ್ ಹೆಚ್ಚು ಕಡಿಮೆ ಮಾಡದ ನಾನು, ಇಚಿಲಂಪಾಡಿಯ ಶಾಲೆಯ ಜಗಲಿಯಲ್ಲಿ ನಿಂತು ಅನಾನಸಿನ ಕಥೆಗೆ ಒಂದು ಹಂಡೆ ತುಂಬುವಷ್ಟು ಸುಳ್ಳು ಬೆರೆಸಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ವೆಂಕಪ್ಪಯ್ಯ ತಮ್ಮ ಲಿವರಿನ ಚಿತ್ರಪಟ ಬಿಚ್ಚುವುದನ್ನೇ ಮರೆತರು. ಸಭೆ ಮುಗಿದ ಮೇಲೆ ಒಬ್ಬ ವೃದ್ಧರು ನನ್ನನ್ನು ಮರದ ಹಿಂದೆ ಕರೆದುಕೊಂಡು ಹೋಗಿ ಕೈ ಹಿಡಿದುಕೊಂಡರು. ಅವರ ಮನಸ್ಸು ಪರಿವರ್ತನೆಯಾಯಿತೆಂದು ನನಗೂ ಕಣ್ಣು ತುಂಬಿತು.

"ಅಲ್ಲ ಸ್ವಾಮಿ," ಎಂದರು ಅವರು. "ಆ ಅನಾನಸಿನದ್ದು, ಅಟ್ಟದಲ್ಲಿ ಎಷ್ಟು ದಿನ ಇಡ್ಬೇಕು?"

ಮೂರನೆಯ ಸಭೆ ಸುಳ್ಯದಲ್ಲಿ. ಗೋವಿಂದ ಮತ್ತು ಅವನ ತಾಯಿ ಎದುರಿನ ಸಾಲಿನಲ್ಲೇ ಕೂತಿದ್ದರು. ಗೋವಿಂದ ಉದ್ದಕ್ಕೂ ಕರವಸ್ತ್ರದಿಂದ ಮುಖ ಮುಚ್ಚಿಕೊಂಡಿದ್ದ. ಅಳುತ್ತಿದ್ದಾನೆಂದು ಸುತ್ತಲಿನವರು ತಿಳಿದರು. ಅವನ ತಾಯಿ ಮಾತ್ರ ನಿಜವಾಗಿ ಅಳುತ್ತಿದ್ದರು. ಹಂಡೆಯ ಭಾಗ ಬಂದಾಗ ನನಗೇ ದುಃಖ ತಡೆಯಲಾಗಲಿಲ್ಲ. ಎಂಥ ಒಳ್ಳೆಯ ಹಂಡೆ, ಎಂಥ ನೀಚ ನಾನು ಎನಿಸಿತು. ವೆಂಕಪ್ಪಯ್ಯ ವೇದಿಕೆಯ ಮೇಲೆಯೇ ನನ್ನನ್ನು ತಬ್ಬಿಕೊಂಡು, "ನಮ್ಮ ಬೀಗರು," ಎಂದು ಸಾರಿದರು.

ಮುಂದಿನ ಮಾಘದಲ್ಲಿ ಸರೋಜಳ ಮದುವೆ ಆಯಿತು. ಊಟದ ಪಂಕ್ತಿಯಲ್ಲಿ ನನ್ನನ್ನು ಕಂಡವರೆಲ್ಲ, ಜ್ವರ ಬಿಟ್ಟು ಎದ್ದವನನ್ನು ಮಾತಾಡಿಸುವ ಹಾಗೆ, "ಈಗ ಹೇಗಿದ್ದೀರಿ?" ಎಂದು ಕೇಳಿದರು. ಚೆನ್ನಾಗಿದ್ದೇನೆ ಎಂದರೆ, "ಗಟ್ಟಿ ಮನಸ್ಸು ಮಾಡಿ, ಪುನಃ ಹಿಡಿಯಬೇಡಿ," ಎಂದರು. ಮರುದಿನ ಹುಡುಗಿಯನ್ನು ಅಜ್ಜಾವರದಲ್ಲಿ ಬಿಟ್ಟು ಹೊರಡುವಾಗ, ಗೋವಿಂದನ ತಾಯಿ ಜಾನಕಿಯನ್ನು ಒಳಗೆ ಕರೆದರು. ಸ್ವಲ್ಪ ಹೊತ್ತಿನ ಮೇಲೆ ಜಾನಕಿ ಹೊರಗೆ ಬಂದಳು. ಸೊಂಟದಲ್ಲಿ ಒಂದು ಹೊಚ್ಚ ಹೊಸ ತಾಮ್ರದ ಹಂಡೆ. ಕಣ್ಣು ನೆಲದಲ್ಲಿ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಸೆರಗು ಕಣ್ಣಿಗೆ ಹೋಗಬೇಕು ಎಂಬುದೆಲ್ಲ ಅಚ್ಚುಕಟ್ಟಾಗಿತ್ತು.

ಸುಳ್ಯದಲ್ಲಿ ಬಸ್ಸು ಹತ್ತಿದ ಮೇಲೆ ನಾನು ಪಿಸುಗುಟ್ಟಿದೆ. "ನಮ್ಮ ಹಂಡೆ ಮನೆಯಲ್ಲೇ ಉಂಟು ಅಂತ ಹೇಳ್ಬಾರದಿತ್ತೋ?"

"ಹೇಳಿದ್ರೆ ಮದುವೆ?"

"ಮದುವೆ ಆಗಿದೆಯಲ್ಲ."

"ಹಾಗಾದ್ರೆ ಇಳಿದು ಹೋಗಿ ನೀವೇ ಹೇಳಿ ಬನ್ನಿ. ನಾನು ಕುಡುಕ ಅಲ್ಲ, ಸುಳ್ಳುಗಾರ ಅಂತ."

ನಾನು ಇಳಿಯಲಿಲ್ಲ. ಅವಳು ಹಂಡೆಯನ್ನು ನನ್ನ ತೊಡೆಯ ಮೇಲಿಟ್ಟು ಕಿಟಕಿಗೆ ಒರಗಿ ನಿದ್ದೆ ಹೋದಳು. ಬಸ್ಸಿನಲ್ಲಿ ಸುಳ್ಯದ ಸಭೆಗೆ ಬಂದಿದ್ದವರು ನಾಲ್ಕೈದು ಜನ ಇದ್ದರು. ಹಂಡೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಂಡೆಯನ್ನು ನೋಡಿದರು. ಇವನು ಇದನ್ನೂ ಮಾರಲು ಕೊಂಡುಹೋಗುತ್ತಿದ್ದಾನೆಂಬ ಅನುಮಾನ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. ದೊಡ್ಡ ಹಂಡೆ. ನಾನು ಅದನ್ನು ಮೇಲೆತ್ತಿ ಎದೆಗೊತ್ತಿ ಹಿಡಿದುಕೊಂಡೆ. ಪುತ್ತೂರು ಬರುವವರೆಗೆ ನನ್ನ ಮುಖ ಅದರ ಹಿಂದೆಯೇ ಇತ್ತು.